ಹಗ್ಗ ಬಿಡುವವನು

ನೋವು ಯಾವ ಬದಿಯದೆಂಬುದು ಆ ಮುಂಜಾವದಲ್ಲಿ ಡೆಲ್ಬರ್ಟ್ ಕ್ರೋವೆಲನಿಗೆ ಕ್ಷಣಕಾಲ ಮರೆತುಹೋಯಿತು. ಮಂಚದ ಅಂಚಿನಲ್ಲಿ ಕುಳಿತು, ತಣ್ಣಗಿದ್ದ ನೆಲಕ್ಕೆ ಎರಡೂ ಅಂಗಾಲುಗಳನ್ನು ಊರಿ, ಎಡವೋ ಬಲವೋ ಎಂದು ಯೋಚಿಸಿದನು. ಎಡವೆಂದು ನೆನಪಾದ ಮೇಲೆ ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಮುಖವನ್ನು ಸ್ವಲ್ಪ ಕಿವುಚಿ, ಮೆಲ್ಲಗೆ ಎದ್ದನು. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಹೆಂಡತಿ ಯೂನಿಸ್ ಆಗಲೇ ಎದ್ದು ಹೋಗಿದ್ದಳು. ಅಡುಗೆಮನೆಯಿಂದ ಒಲೆಯ ಬಾಗಿಲು ಮುಚ್ಚಿದ ಸದ್ದು ಬಂತು. ನೋಡುವವರಿಲ್ಲದಾಗಲೂ ಮುಖ ಕಿವುಚುವುದು ಈಚೆಗೆ ಅಭ್ಯಾಸವಾಗಿತ್ತು. ಮೊದಮೊದಲು ಹೀಗಿರಲಿಲ್ಲ. ಮೊದಲ ಚಳಿಗಾಲದಲ್ಲಿ, ಒಬ್ಬನೇ ಇದ್ದಾಗ, ಸೌದೆಯ ಕೊಟ್ಟಿಗೆಯ ಹಿಂದೆ ನಿಂತು ಎರಡೂ ಕೈಗಳನ್ನು ಮೇಲೆತ್ತಿ ಮೈಮುರಿದು, ಕದ್ದು ತಿಂದವನಂತೆ ಸುಖಪಡುತ್ತಿದ್ದನು. ಈಗ ಆ ಸುಖವೂ ಉಳಿದಿರಲಿಲ್ಲ. ಸುಳ್ಳಿಗೆ ಕೂಡುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ. ಕೆಲವು ಸಂಜೆ ಅವನ ಬೆನ್ನು ನಿಜವಾಗಿಯೇ ನೋಯುತ್ತಿತ್ತು. ಆ ನೋವಿಗೆ ಅವನು ಒಳಗೊಳಗೇ ಕೃತಜ್ಞನಾಗಿರುತ್ತಿದ್ದನು.

ಅಂದು ಬೋನು ಇಳಿಸುವ ದಿನ. ನವೆಂಬರಿನ ಕೊನೆಯ ಸೋಮವಾರ ಲಾಬ್‌ಸ್ಟರ್ ಹಿಡಿಯುವ ಕಾಲ ತೆರೆಯುತ್ತದೆ; ಕೊಲ್ಲಿಯ ದೋಣಿಗಳೆಲ್ಲ ತಂತಿಯ ಬೋನುಗಳನ್ನು ತಲೆಗಿಂತ ಎತ್ತರಕ್ಕೆ ಪೇರಿಸಿಕೊಂಡು, ಭಾರಕ್ಕೆ ನೀರಿನಲ್ಲಿ ತಗ್ಗಿ, ದಕ್ಕೆಯಲ್ಲಿ ಕಾದಿರುತ್ತವೆ. ಕಿಟಕಿಯ ಪರದೆ ಸರಿಸಿದರೆ ಕೆಳಗೆ ದಕ್ಕೆಯ ದೀಪಗಳು ಕಂಡಾವೆಂದು ಅವನು ಪರದೆಯನ್ನು ಸರಿಸಲಿಲ್ಲ. ಆ ದೀಪಗಳ ನಡುವೆ ಅವನ ತಾಯಿಯ ಹೆಸರು ಹೊತ್ತ 'ಮ್ಯೂರಿಯಲ್' ನಿಂತಿತ್ತು. ಅದನ್ನು ಅವನ ತಂದೆ ಏಮಸ್ ಕಟ್ಟಿಸಿದ್ದು, ಆಮೇಲೆ ಡೆಲ್ಬರ್ಟ್ ನಡೆಸಿದ್ದು. ಕಳೆದ ಎರಡು ವರ್ಷ ಅವನ ಭಾವಮೈದುನ ವಾನ್ ನಡೆಸಿದ್ದು. ಈ ವರ್ಷ ಅದರ ಯಜಮಾನಿಕೆ, ಹೋದ ವರ್ಷ ವಾನ್‌ನ ಕೈಕೆಳಗೆ ದುಡಿದ ಡೆಲ್ಬರ್ಟನ ಮಗಳು ಟ್ವೈಲಾಳದು. ದೋಣಿ ಮಾರುವ ಮಾತು ಬಂದಾಗ, ಮೀನು ಕಾರ್ಖಾನೆಯ ಕೆಲಸ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದ ಟ್ವೈಲಾ ತಟ್ಟೆಯಿಂದ ತಲೆ ಎತ್ತದೆಯೇ, "ಮಾರಬೇಡ ಅಪ್ಪ. ನಿನ್ನ ಬೆನ್ನು ಕೈಕೊಡ್ತು ಅಂತ ದೋಣಿಗೆ ಯಾಕೆ ಶಿಕ್ಷೆ? ನಾನು ನಡೆಸ್ತೀನಿ," ಎಂದಿದ್ದಳು. ಆಗ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದನು. ಅಂಚಿನವರೆಗೂ ಸಮನಾಗಿ ಸವರಿ ಮುಗಿಸುವವರೆಗೆ ಮಾತಾಡದೆ ಇದ್ದುಬಿಟ್ಟನು. ಮುಗಿದ ಮೇಲೆ ಮಾತಾಡುವ ಹೊತ್ತು ಕಳೆದಿತ್ತು. ತನ್ನ ಬದಲಿಗೆ ಮಗಳನ್ನು ಕಳಿಸಿದೆನೆಂಬುದು ಅವನಿಗೆ ಅಂದು ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿ ಇಟ್ಟನು, ಅಷ್ಟೆ.

ಮೆಟ್ಟಿಲಿಳಿಯುವಾಗ ಹಿತ್ತಲ ಕಡೆಯಿಂದ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಹೊರಬಾಗಿಲ ಪಡಸಾಲೆಯ ಕತ್ತಲೆಯಲ್ಲಿ ಅವನು ನಿಂತನು. ಕಂಬಳಿಯಂಗಿಗಳ, ರಬ್ಬರಿನ, ಹಳೆಯ ಮೀನಿನ ವಾಸನೆ. ಮೂಲೆಯಲ್ಲಿ ಅವನ ಒಂಟಿ ಬೂಟು. ಮೊಣಕಾಲುದ್ದದ ಆ ರಬ್ಬರ್ ಬೂಟಿನಲ್ಲಿ ಯೂನಿಸ್ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತುಂಬಿಟ್ಟಿದ್ದಳು. ಎಡಗಾಲಿನದು ಹರಿದುಹೋಯಿತು, ಕಡಲಿಗೆ ಎಸೆದೆ ಎಂದು ಅವನು ಹೇಳಿದ ಮರುದಿನವೇ ಉಳಿದ ಬಲಗಾಲಿನ ಬೂಟಿಗೆ ಅವಳು ಈ ಉಪಯೋಗ ಹುಡುಕಿದ್ದಳು. ಹರಿದ ಬೂಟನ್ನು ಯಾರಾದರೂ ನಡುಗಡಲಲ್ಲಿ ಕಳಚಿ ಎಸೆದು, ಮಂಜುಗಡ್ಡೆಯಂಥ ಹಲಗೆಯ ಮೇಲೆ ಕಾಲುಚೀಲದಲ್ಲಿ ನಿಂತು ಕೆಲಸ ಮಾಡುತ್ತಾರೆಯೇ ಎಂದು ಅವಳು ಕೇಳಲಿಲ್ಲ. ಕೇಳಬಹುದೆಂದು ಅವನು ಒಂದು ಉತ್ತರವನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದನು. ಬಳಸದ ಆ ಉತ್ತರ ಇನ್ನೂ ಅವನಲ್ಲಿತ್ತು.

ಕೊಟ್ಟಿಗೆಯ ಹಿಂದೆ, ಒಪ್ಪವಾಗಿ ಪೇರಿಸಿದ ಸೌದೆಗೆ ಒಂದು ಕೈ ಕೊಟ್ಟು, ಟ್ವೈಲಾ ಬಾಗಿ ನಿಂತಿದ್ದಳು. ಅವನ ಹೆಜ್ಜೆಯ ಸದ್ದಿಗೆ ತೋಳಿನಿಂದ ಬಾಯಿ ಒರೆಸಿಕೊಂಡಳು.

"ಅಮ್ಮನಿಗೆ ಹೇಳ್ಬೇಡ."

"ತಿಂದ ಬೀನ್ಸ್ ಹೆಚ್ಚಾಯ್ತೇನೋ."

"ನಾನಿನ್ನೂ ಏನೂ ತಿಂದಿಲ್ಲಪ್ಪ." ಅವಳು ನಕ್ಕಳು. ಕತ್ತಲೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಬೆಳ್ಳಗೆ ಎದ್ದು ಹೋಗುತ್ತಿತ್ತು. "ಹೋದ್ವರ್ಷ ಹೀಗಾಗ್ಲಿಲ್ಲ. ಆಗ ಮಾವನ ದೋಣಿ ಅನ್ನಿಸ್ತಿತ್ತು. ಈಗ, ಮಾವನೂ ಇನ್ನೊಬ್ಬ ಕೆಲಸದವನೂ ನನ್ನ ಮುಖ ನೋಡ್ತಾರಲ್ಲ, ಅದಕ್ಕೇ ಇರಬೇಕು." ಸ್ವಲ್ಪ ಹೊತ್ತು ಸೌದೆಯ ತೊಗಟೆಯನ್ನು ಉಗುರಿನಿಂದ ಕಿತ್ತಳು. "ಅಪ್ಪ, ಒಂದು ಕೇಳ್ಲಾ? ನಿನಗೆ ಯಾವತ್ತಾದ್ರೂ ಭಯ ಆಗಿತ್ತಾ, ಅಲ್ಲಿ?"

ಆ ಪ್ರಶ್ನೆ ಹಿಂದೆಯೂ ಒಮ್ಮೆ ಕೇಳಲ್ಪಟ್ಟಿತ್ತು. ಕೇಳಿದವನು ಅವನೇ. ಆಗ ಅವನ ತಂದೆ ಏಮಸ್, ಬೋನಿಗೆ ಹಾಕುವ ಉಪ್ಪುಮೀನನ್ನು ಕತ್ತರಿಸುತ್ತಿದ್ದವನು, ಕತ್ತಿ ನಿಲ್ಲಿಸದೆಯೇ, ದೋಣಿಯಲ್ಲಿ ಬೋನಿಗೇ ಜಾಗ ಸಾಲದು, ಇನ್ನು ಭಯವನ್ನು ಎಲ್ಲಿಡುವುದು ಎಂದಿದ್ದನು. ದಕ್ಕೆಯ ಮೇಲಿದ್ದವರು ನಕ್ಕಿದ್ದರು. ಚಿಕ್ಕವನಾಗಿದ್ದ ಡೆಲ್ಬರ್ಟನೂ ನಕ್ಕು, ತನ್ನದನ್ನು ತಾನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ, ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನು. ಈಗ ಅವನ ಬಾಯಿಂದ ಹೊರಟದ್ದು ತಂದೆಯ ಮಾತೇ.

"ದೋಣೀಲಿ ಬೋನಿಗೇ ಜಾಗ ಸಾಲಲ್ಲ, ಇನ್ನು ಭಯ ಎಲ್ಲಿಡೋದು?"

"ಹೂಂ," ಎಂದಳು ಟ್ವೈಲಾ. "ಹಾಗಾದ್ರೆ ಇದು ನಮ್ಮ ಮನೇಲಿ ನನಗೊಬ್ಬಳಿಗೇ ಬಂದಿರೋದು." ಬಗ್ಗಿ ಕೈಗೆ ಮಂಜು ತೆಗೆದುಕೊಂಡು ಮುಖಕ್ಕೆ ಉಜ್ಜಿಕೊಂಡಳು. "ಹೋಗ್ಲಿ ಬಿಡು. ಯಾರಿಗೂ ಕಾಣದ ಹಾಗೆ ನೋಡ್ಕೋತೀನಿ." ಅವನ ಭುಜವನ್ನು, ನೋಯುವ ಬದಿಯಲ್ಲದ ಭುಜವನ್ನು, ಎಚ್ಚರಿಕೆಯಿಂದ ತಟ್ಟಿ ಒಳಗೆ ಹೋದಳು.

ಆ ಎಚ್ಚರಿಕೆಯಿಂದಲೇ ಅವನಿಗೆ ಹೆಚ್ಚು ನೋವಾಯಿತು. ಸೌದೆಯ ಸಾಲಿನ ಮುಂದೆ ಒಬ್ಬನೇ ನಿಂತನು. ಇದು ಬರ್ಟನ್ ಸ್ವಿಮ್ ಒಡೆದ ಸೌದೆ. ಕೆಳಮನೆಯ ಬರ್ಟನ್, ಪ್ರಾಯದಲ್ಲಿ ಅವನಿಗಿಂತ ಹಿರಿಯ, ದೋಣಿಯನ್ನು ಮಗನಿಗೆ ಬಿಟ್ಟುಕೊಟ್ಟವನು, ಕಳೆದ ಎರಡು ಚಳಿಗಾಲವೂ ಕೊಡಲಿ ಹೆಗಲಿಗಿಟ್ಟು ಬಂದು, ಕೋಟು ಕಳಚಿ, ಅವನ ಸೌದೆಯನ್ನು ಒಡೆದು ಪೇರಿಸಿ ಹೋಗಿದ್ದನು. ಗಂಟುಗಂಟಾದ ಮೇಪಲ್ ಮರ. ಡೆಲ್ಬರ್ಟ್ ಕಿಟಕಿಯೊಳಗೆ ಕುರ್ಚಿ ಹಾಕಿಕೊಂಡು, ಇಗರ್ಜಿಯ ಹೆಂಗಸರು ಹೊಲಿದುಕೊಟ್ಟ ದಿಂಬನ್ನು ಬೆನ್ನಿಗೆ ಕೊಟ್ಟು, ಆ ಮುದುಕ ಬಗ್ಗುವುದನ್ನೂ ಏಳುವುದನ್ನೂ ನೋಡಿದ್ದನು. ನಡುವೆ ಬರ್ಟನ್ ನಿಂತು ತನ್ನದೇ ಸೊಂಟವನ್ನು ಹಿಂದಕ್ಕೆ ಮಣಿಸಿ ಉಸಿರು ಬಿಡುವಾಗ, ಕಿಟಕಿಯೊಳಗಿನವನು ಕಣ್ಣು ತಿರುಗಿಸುತ್ತಿದ್ದನು. ಪಟ್ಟಣದ ವೈದ್ಯನು ಬೆನ್ನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು, ಏನೂ ಕಾಣುವುದಿಲ್ಲ, ಆದರೆ ಚಿತ್ರದಲ್ಲಿ ಕಾಣದ ನೋವೂ ಇರುತ್ತದೆ ಎಂದು ಮೆಲುದನಿಯಲ್ಲಿ ಹೇಳಿದ್ದನು. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಸುಳ್ಳುಗಾರನಿಗೆ ಒಳ್ಳೆಯವರ ನಡುವೆ ಬದುಕುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅವರು ಅವನಿಗೆ ತಪ್ಪಿಸಿಕೊಳ್ಳಲು ಬಾಗಿಲನ್ನೇ ಬಿಡುವುದಿಲ್ಲ.

ಅಡುಗೆಮನೆಯಲ್ಲಿ ಯೂನಿಸ್ ಕಾಕಂಬಿ ಹಾಕಿ ಸುಟ್ಟ ಕಂದು ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಟ್ವೈಲಾ ನಿಂತೇ ಚಹಾ ಕುಡಿದಳು.

"ಕೂತ್ಕೊಂಡು ಕುಡಿಯೇ."

"ಕೂತ್ರೆ ಏಳಲ್ಲಮ್ಮ."

"ಬಿಳೀ ಕೈಗವಸು ಇಟ್ಕೊಂಡ್ಯಾ? ಬೂದಿ ಬಣ್ಣದ್ದು ಕಡಲಿಗೆ ಆಗಿಬರಲ್ಲ."

"ಇಟ್ಕೊಂಡೆ."

"ಬ್ರೆಡ್ಡು ವಾನ್ ಕೈಗೆ ಕೊಡ್ಬೇಡ. ನಿನ್ನ ಪಾಲೂ ತಿಂತಾನೆ. ಹುಟ್ಟಿದಾಗಿಂದ ನೋಡಿದೀನಿ ಅವನನ್ನ."

ಈ ಕೊಲ್ಲಿಯಲ್ಲಿ ಬೋನು ಇಳಿಸುವ ದಿನ ಯಾರಿಗೂ 'ಹೋಗಿ ಬಾ' ಎನ್ನಬಾರದು. ಹೋಗು ಎಂದರೆ ಕಡಲು ಕೇಳಿಸಿಕೊಳ್ಳುತ್ತದೆ. ಬಾ ಎಂದರೆ ಬರುವುದು ನಮ್ಮ ಕೈಯಲ್ಲಿದೆ ಎಂದುಕೊಂಡ ಅಹಂಕಾರ. ಆದ್ದರಿಂದ ಹೆಂಗಸರು ಬ್ರೆಡ್ಡಿನ, ಕೈಗವಸಿನ, ಫ್ಲಾಸ್ಕಿನ ಮುಚ್ಚಳದ ಮಾತಾಡುತ್ತಾರೆ. ಡೆಲ್ಬರ್ಟ್ ಹೊರಡುತ್ತಿದ್ದ ವರ್ಷಗಳಲ್ಲೆಲ್ಲ ಯೂನಿಸ್ ಇದೇ ಜಾಗದಲ್ಲಿ ನಿಂತು ಇದೇ ಮಾತುಗಳನ್ನು ಆಡಿದ್ದಳು. ಅವು ಬರಿಯ ಬ್ರೆಡ್ಡಿನ ಮಾತುಗಳೆಂದು ಅವನು ತಿಳಿದಿದ್ದನು. ಈಗ ಹೊರಡದೆ ಉಳಿದವನಾಗಿ, ಮೇಜಿನ ಈಚೆ ಬದಿಯಿಂದ ಕೇಳಿದಾಗ, ಅವಳ ಬೆರಳುಗಳು ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವುದು ಅವನ ಕಣ್ಣಿಗೆ ಬಿತ್ತು. ಗಂಟು ಮೊದಲೇ ಸರಿಯಾಗಿತ್ತು.

ಟ್ವೈಲಾ ಮುಂದೆ ಹೋದಳು. ಯೂನಿಸ್ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ ಕೇಳಿದಳು:

"ನೀನು ಬರ್ತೀಯಾ ದಕ್ಕೆಗೆ?"

"ಬರ್ಬೇಕಲ್ಲ."

"ಹಗ್ಗ?"

"ಬರ್ಟನ್ ಬಿಡ್ತಾನೆ. ಹೋದ್ವರ್ಷದ ಹಾಗೆ."

ಕೊನೆಯ ಹಗ್ಗವನ್ನು, ದೋಣಿಯ ಮೂತಿಯನ್ನು ಹಿಡಿದಿರುವ ಹಗ್ಗವನ್ನು, ಮನೆಯ ಹಿರಿಯನು ಗೂಟದಿಂದ ಬಿಡಿಸಿ ದೋಣಿಯ ಯಜಮಾನನ ಕೈಗೆ ಕೊಡಬೇಕು. ಎಸೆಯುವಂತಿಲ್ಲ, ಹಗ್ಗದ ತುದಿ ನೀರಿಗೆ ತಾಗುವಂತಿಲ್ಲ, ಕೈಯಿಂದ ಕೈಗೆ. ಏಮಸ್ ಕೊನೆಯ ವರ್ಷ ಉಬ್ಬಸದಲ್ಲಿ ಉಸಿರಿಗಾಗಿ ಬಾಯಿ ಬಿಡುತ್ತಲೇ ಬಂದು ಕೊಟ್ಟಿದ್ದನು. ಹೋದ ವರ್ಷ ಡೆಲ್ಬರ್ಟ್ ಗೂಟದ ಪಕ್ಕದಲ್ಲಿ ಊರುಗೋಲು ಹಿಡಿದು ನಿಂತಿದ್ದನು, ಬರ್ಟನ್ ಬಗ್ಗಿದ್ದನು. ಹಗ್ಗ ತೆಗೆದುಕೊಳ್ಳುವ ಮುನ್ನ ವಾನ್, ಯಾರ ಕಡೆ ನೋಡಬೇಕೋ ತೋಚದೆ, ಇಬ್ಬರ ನಡುವಿನ ಗಾಳಿಗೆ ತಲೆಯಾಡಿಸಿದ್ದನು.

ಯೂನಿಸ್ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತ, ಬೆನ್ನು ಅವನ ಕಡೆಗಿದ್ದಂತೆಯೇ, "ನಿದ್ದೇಲಿ ಹೊರಳೋವಾಗ ನಿನಗೆ ಎರಡು ಬದೀನೂ ಒಂದೇ, ಡೆಲ್," ಎಂದಳು. ದನಿಯಲ್ಲಿ ಆರೋಪವಿರಲಿಲ್ಲ, ನಾಳೆ ಮಂಜು ಬೀಳಬಹುದು ಎಂಬಂಥ ದನಿ. "ನಾನು ದಿನಾ ನೋಡ್ತೀನಿ." ಅನಂತರ ಬಾಗಿಲು ತೆರೆದು ಹೊರಟಳು. ಅವನು ಊರುಗೋಲು ತೆಗೆದುಕೊಂಡು ಹಿಂಬಾಲಿಸಿದನು. ಹಾದಿಯುದ್ದಕ್ಕೂ ಅವಳು ಅವನಿಗಾಗಿ ನಡಿಗೆಯನ್ನು ನಿಧಾನಿಸಿದಳು, ಎರಡು ವರ್ಷ ನಿಧಾನಿಸಿದಂತೆಯೇ. ಗೊತ್ತಿದ್ದೂ ನಿಧಾನಿಸಿದಳೆಂಬುದು ಅವನ ಕಾಲಿಗೆ ಸಿಕ್ಕಿಕೊಂಡಂತಾಗಿ, ಕುಂಟುವುದು ಅಂದು ನಿಜಕ್ಕೂ ಕಷ್ಟವಾಯಿತು.

ಆಗಿದ್ದೇನೆಂದರೆ, ಏನೂ ಆಗಿರಲಿಲ್ಲ. ಅದೇ ಅವನ ನಾಚಿಕೆ. ಮುಳುಗಿದವರಿದ್ದರು, ಬೆರಳು ಕಳೆದುಕೊಂಡವರಿದ್ದರು. ಅವರ ಭಯಕ್ಕೆ ತೋರಿಸಲು ಒಂದು ಗಾಯವಿತ್ತು. ಅವನು ಕಡಲಿಗೆ ಇಳಿದ ಕೊನೆಯ ಕಾಲದ ಮೊದಲ ದಿನ, ಇಂಥದೇ ಬೆಳಗು. ವಾನ್ ಚುಕ್ಕಾಣಿಯಲ್ಲಿ ಮುಂದೆ ನೋಡುತ್ತ ನಿಂತಿದ್ದನು, ಡೆಲ್ಬರ್ಟ್ ಹಿಂಬದಿಯಲ್ಲಿ ಬೋನುಗಳನ್ನು ತಳ್ಳುತ್ತಿದ್ದನು. ಬೋನು ಮುಳುಗುತ್ತದೆ, ಅದರ ಹಿಂದೆ ಹಗ್ಗ ಸುರುಳಿ ಬಿಚ್ಚಿಕೊಂಡು ಹಾರುತ್ತದೆ. ಪಕ್ಕದಲ್ಲಿ ಬರ್ಟನ್ನನ ದೋಣಿ ಪಂತಕ್ಕೆ ಬಿದ್ದು ಬರುತ್ತಿತ್ತು. ಬರ್ಟನ್ ಕಿಟಕಿಯಿಂದ ಕೈ ಚಾಚಿ ಏನೋ ಪೋಲಿ ಸನ್ನೆ ಮಾಡಿದನು. ಡೆಲ್ಬರ್ಟ್ ತಲೆ ಎತ್ತಿ ನಕ್ಕನು. ಆ ನಗು ಮುಖದಲ್ಲಿ ಇನ್ನೂ ಇರುವಾಗಲೇ ಹಗ್ಗದ ಕುಣಿಕೆ ಎಡ ಪಾದವನ್ನು ಹಿಡಿದು, ಮೇಜಿನ ಖಾನೆಯನ್ನು ಎಳೆದಷ್ಟೇ ನಿಶ್ಚಿಂತೆಯಿಂದ ಅವನನ್ನು ಅಂಚಿಗೆ ಎಳೆಯಿತು. ನೋವಿರಲಿಲ್ಲ. ಕೂಗಲು ಬಾಯಿ ತೆರೆದಿರಲಿಲ್ಲ. ಯೂನಿಸ್ ಹೆಣೆದ ದಪ್ಪ ಕಾಲುಚೀಲವನ್ನು ಎರಡು ಪದರ ಹಾಕಿಕೊಳ್ಳಲೆಂದು ಕೊಂಡ ದೊಡ್ಡ ಅಳತೆಯ ಬೂಟು ಕಳಚಿಕೊಂಡಿತು. ನೀರು ಬೂಟನ್ನು ತೆಗೆದುಕೊಂಡು ಅವನನ್ನು ಬಿಟ್ಟಿತು. ಒದ್ದೆ ಹಲಗೆಯ ಮೇಲೆ ಕಾಲುಚೀಲದಲ್ಲಿ ನಿಂತಾಗ ಬರ್ಟನ್ ಇನ್ನೂ ಕೈಯಾಡಿಸುತ್ತಿದ್ದನು, ಅವನೂ ಇನ್ನೂ ನಗುತ್ತಿದ್ದನು. ವಾನ್ ತಿರುಗಿ ನೋಡಿರಲಿಲ್ಲ. ಯಾರೂ ನೋಡದೆ ಇದ್ದದ್ದರಿಂದ ಅದು ಆಗಲೇ ಇಲ್ಲ ಎಂದುಕೊಳ್ಳಬಹುದಾಗಿತ್ತು. ಆದರೆ ಪಾದಕ್ಕೆ ಗೊತ್ತಿತ್ತು. ಅಂದಿನಿಂದ ಆ ಕಾಲ ಮುಗಿಯುವವರೆಗೆ ಪ್ರತಿ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ, ಇಂದು ಟ್ವೈಲಾ ನಿಂತಿದ್ದ ಜಾಗದಲ್ಲೇ, ಅವನೂ ಸೌದೆಗೆ ಕೈ ಕೊಟ್ಟು ಬಾಗಿದ್ದನು. ವಸಂತದಲ್ಲಿ ದೋಣಿ ದಡಕ್ಕೆ ಬಂದ ಮೇಲೆ ಬೆನ್ನು ಎಂಬ ಮಾತು ಅವನಿಗೆ ಸಿಕ್ಕಿತು. ಗಂಡಸಿಗೆ ಬೆನ್ನು ನೋಯಬಹುದು.

ದಕ್ಕೆಯಲ್ಲಿ ಊರೇ ನೆರೆದಿತ್ತು. ದೀಪಗಳ ಕೆಳಗೆ ಮುಖಗಳು ಹಳದಿಯಾಗಿದ್ದವು. ನೀರು ಇಳಿದಿತ್ತು, ಭಾರ ಹೊತ್ತ ದೋಣಿಗಳು ದಕ್ಕೆಯ ಅಂಚಿನಿಂದ ಆಳೆತ್ತರ ಕೆಳಗೆ ತೂಗುತ್ತಿದ್ದವು. ಜನರು ಅವನಿಗೆ ದಾರಿ ಬಿಟ್ಟರು, ಎಂದಿನಂತೆ ಸ್ವಲ್ಪ ಹೆಚ್ಚಾಗಿಯೇ ಬಿಟ್ಟರು.

"ಬೆನ್ನು ಹ್ಯಾಗಿದೆ ಡೆಲ್?"

"ಇದೆ."

"ಈ ಚಳಿಗೆ ಬರ್ಬಾರ್ದಾಗಿತ್ತು ಕಣಯ್ಯ."

"ಮಗಳು ಹೊರಟಾಗ ಬರ್ದೇ ಇರ್ತಾನಾ?" ಎಂದನು ಬರ್ಟನ್, ಜನರ ನಡುವಿನಿಂದ ತೋಳಿನಲ್ಲಿ ದಾರಿ ಮಾಡಿಕೊಂಡು ಬಂದು. ಕಿವಿ ಮುಚ್ಚುವ ಟೋಪಿ, ಮೂಗಿನ ತುದಿಯಲ್ಲಿ ಒಂದು ಹನಿ. "ಅವಳ ಮುಖ ನೋಡಿದ್ಯಾ? ಕಲ್ಲು. ಏಮಸ್ ತಾತನದೇ ಅಚ್ಚು. ನನ್ನ ಮಗ ನೋಡು, ಬೆಳಿಗ್ಗೆಯಿಂದ ಐದಾರು ಸಲ ಹಿತ್ತಲಿಗೆ ಹೋಗಿ ಬಂದ. ನಿಮ್ಮ ಮನೆತನಕ್ಕೆ ಆ ಕಾಯಿಲೆನೇ ಇಲ್ಲ ಬಿಡು."

ಸುತ್ತಲಿದ್ದವರು ನಕ್ಕರು. ಬರ್ಟನ್ನನ ಮಗ ತನ್ನ ದೋಣಿಯಿಂದಲೇ, "ಹೋಗಿದ್ದು ಏಳು ಸಲ, ಸುಳ್ಳು ಹೇಳ್ಬೇಡ," ಎಂದು ಕೂಗಿದನು. ಮತ್ತೂ ನಕ್ಕರು. ಹೇಳಿಕೊಂಡವನ ಭಯ ಹೀಗೆ ನಗೆಯಲ್ಲಿ ಹಂಚಿಹೋಗಿ, ಅವನ ಪಾಲಿಗೆ ಸ್ವಲ್ಪವೇ ಉಳಿಯಿತೆಂದು ಡೆಲ್ಬರ್ಟನಿಗೆ ತೋರಿತು. ಕೆಳಗೆ ಮ್ಯೂರಿಯಲ್‌ನಲ್ಲಿ ಟ್ವೈಲಾ ನಗಲಿಲ್ಲ. ಬೋನುಗಳ ಗೋಡೆಯ ಮುಂದೆ, ಸುರುಳಿ ಸುತ್ತಿದ ಹಗ್ಗಗಳ ನಡುವೆ ನಿಂತು, ಯಾವುದನ್ನೂ ನೋಡದೆ ನೇರ ನೋಡುತ್ತಿದ್ದಳು. ಅಂಜಿಕೆಯನ್ನು ಮುಚ್ಚಿಡುವವರು ಹಾಗೆಯೇ ನೋಡುತ್ತಾರೆ. ಅಂಜಿದ್ದನ್ನು ಒಪ್ಪಿಕೊಂಡವನು ಕಾಲ ಕೆಳಗೆ ನೋಡುತ್ತಾನೆ; ನಾಚಿದವನು ನೋಡುವುದಿಲ್ಲ, ನೋಡಿದರೆ ಅಂಜಿದನೆಂದು ತಿಳಿದುಬಿಡುತ್ತದೆ. ಆ ಬೆಳಗ್ಗೆ ತಾನು ಅವಳಿಗೆ ಕಲಿಸಿ ಕಳಿಸಿದ್ದು ಇದನ್ನೇ. ಯಾರಿಗೂ ಕಾಣದ ಹಾಗೆ ನೋಡ್ಕೋತೀನಿ ಎಂದಿದ್ದಳು.

ಪಾದ್ರಿ ದಕ್ಕೆಯ ತುದಿಯಲ್ಲಿ ನಿಂತು ಪ್ರಾರ್ಥನೆ ಹೇಳಿದನು. ಗಾಳಿ ಅರ್ಧ ಮಾತುಗಳನ್ನು ಕೊಂಡೊಯ್ದಿತು. ಟೋಪಿಗಳು ಇಳಿದು ಮತ್ತೆ ಏರಿದವು. ತುದಿಯ ದೋಣಿಯಿಂದ ಆರಂಭವಾಯಿತು: ಒಂದೊಂದೇ ಮನೆಯ ಹಿರಿಯರು ಬಗ್ಗಿ ಹಗ್ಗ ಕೊಟ್ಟರು, ಒಂದೊಂದೇ ದೋಣಿ ಹಿಂದೆ ಸರಿದು, ಸೂರ್ಯ ತಿರುಗುವ ಕಡೆಗೇ ಮೂತಿ ತಿರುಗಿಸಿ, ಕತ್ತಲೆಗೆ ಹೋಯಿತು. ಬರ್ಟನ್ ತನ್ನ ಮಗನಿಗೆ ಹಗ್ಗ ಕೊಟ್ಟು, "ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡ್ಕೋ," ಎಂದಷ್ಟೇ ಹೇಳಿ, ಮೊಣಕಾಲು ಒರೆಸಿಕೊಳ್ಳುತ್ತ ಎದ್ದು, ಮ್ಯೂರಿಯಲ್‌ನ ಗೂಟದ ಬಳಿ ಬಂದನು.

"ಸರಿ, ಪಕ್ಕಕ್ಕೆ ನಿಂತ್ಕೋ ಡೆಲ್. ನಾನು ಬಿಡ್ತೀನಿ. ನಿನ್ನ ಸೊಂಟ ಹಿಡ್ಕೊಂಡ್ರೆ ಯೂನಿಸ್ ನನ್ನ ಚರ್ಮ ಸುಲೀತಾಳೆ."

ಡೆಲ್ಬರ್ಟ್ ಪಕ್ಕಕ್ಕೆ ನಿಂತನು. ಎರಡು ವರ್ಷ ಪಕ್ಕಕ್ಕೆ ನಿಂತ ಕಾಲುಗಳು ತಾವಾಗಿಯೇ ಸರಿದವು. ಬರ್ಟನ್ ಬಗ್ಗತೊಡಗಿದನು, ಅರ್ಧ ಬಗ್ಗಿ, ಮೊದಲ ಹಗ್ಗಕ್ಕೇ ದಣಿದಿದ್ದವನಾಗಿ ಒಂದು ಕೈಯನ್ನು ತೊಡೆಗೆ ಊರಿ, ಉಸಿರೆಳೆದುಕೊಂಡನು. ಅದೇ ಉಸಿರು, ಕಿಟಕಿಯಾಚೆ ಸೌದೆಯ ಬಳಿ ಎಳೆದುಕೊಳ್ಳುತ್ತಿದ್ದದ್ದು. ಈಗ ಬಗ್ಗಿದರೆ ಈ ಮನುಷ್ಯನಿಗೆ ಎಲ್ಲವೂ ತಿಳಿದುಬಿಡುತ್ತದೆ. ಒಡೆದ ಒಂದೊಂದು ತುಂಡೂ ತಿಳಿದುಬಿಡುತ್ತದೆ. ದಿಂಬು ಹೊಲಿದ ಹೆಂಗಸರಿಗೆ, ಬೆನ್ನು ಹೇಗಿದೆ ಎಂದು ಕೇಳಿದವರಿಗೆ, ದಾರಿ ಬಿಟ್ಟವರಿಗೆ. ಬಗ್ಗದೆ ಇದ್ದರೆ ತಿಳಿಯುವುದಿಲ್ಲ. ಟ್ವೈಲಾ ನೇರ ನೋಡುತ್ತಲೇ ಹೋಗುತ್ತಾಳೆ. ಎರಡೂ ಕಡೆ ತೂಗಿ ನೋಡುವಷ್ಟು ಹೊತ್ತು ಇರಲಿಲ್ಲ, ತೂಗುವಂಥದೂ ಆಗಿರಲಿಲ್ಲ.

"ಬರ್ಟನ್, ಬಿಡು."

"ಅದೇ, ಬಿಡ್ತಿದೀನಲ್ಲ."

"ನೀನು ಏಳು. ನಾನು ಕೊಡ್ತೀನಿ."

"ಹುಚ್ಚಾ ನಿನಗೆ? ನೀರು ಇಳಿದಿದೆ, ಹಗ್ಗ ಬಿಗಿದು ಕಬ್ಬಿಣ ಆಗಿದೆ."

ಡೆಲ್ಬರ್ಟ್ ಊರುಗೋಲನ್ನು ಯೂನಿಸಳ ಕಡೆ ಚಾಚಿದನು. ಅವಳು ಏನೂ ಕೇಳದೆ ತೆಗೆದುಕೊಂಡಳು, ಅವನ ಕೈಯಿಂದ ದಿನವೂ ತೆಗೆದುಕೊಳ್ಳುವ ವಸ್ತುವೆಂಬಂತೆ. ಗೂಟದವರೆಗಿನ ಹೆಜ್ಜೆಗಳನ್ನು ಅವನು ನೆಟ್ಟಗೆ ಇಟ್ಟನು. ನೆಟ್ಟಗೆ ನಡೆಯುವುದು ಹೇಗೆಂಬುದು ಮರೆತಿದ್ದರಿಂದ ಅದು ಸ್ವಲ್ಪ ವಿಚಿತ್ರವಾಗಿತ್ತು, ಮೆರವಣಿಗೆಯವನಂತೆ. ಹಿಂದೆ ಮಾತುಗಳು ಒಂದೊಂದಾಗಿ ನಿಂತವು. ಅಂಚಿನಲ್ಲಿ ಅವನು ಎರಡೂ ಮೊಣಕಾಲುಗಳನ್ನು ಊರಿ, ಸೊಂಟವನ್ನು ಪೂರ್ತಿ ಬಗ್ಗಿಸಿ, ಒದ್ದೆ ಹಗ್ಗವನ್ನು ಎರಡೂ ಕೈಗಳಿಂದ ಹಿಡಿದನು. ವಾನ್ ಕೆಳಗೆ ದೋಣಿಯನ್ನು ತುಸು ಮುಂದಕ್ಕೆ ತಂದನು. ಹಗ್ಗ ಸಡಿಲವಾದ ಆ ಕ್ಷಣದಲ್ಲಿ ಡೆಲ್ಬರ್ಟ್ ಇಡೀ ಮೈಯಿಂದ ಜಗ್ಗಿ ಕುಣಿಕೆಯನ್ನು ಗೂಟದಿಂದ ಮೇಲೆತ್ತಿದನು. ಕುಣಿಕೆ ಅವನ ಮುಂಗೈಗೆ ಬಿತ್ತು. ಕೆಳಗಿನಿಂದ ಕಡಲು ಅದನ್ನು ಒಮ್ಮೆ ಎಳೆಯಿತು, ಅದೇ ನಿಶ್ಚಿಂತೆಯ ಎಳೆತ. ಅವನು ಬಿಡಲಿಲ್ಲ. ಕೈಯನ್ನು ಕುಣಿಕೆಯಿಂದ ಹೊರಗೆ ತೆಗೆದು, ಹಗ್ಗವನ್ನು ಹೊರಗಿನಿಂದ ಹಿಡಿದು, ಅಂಚಿನಿಂದ ಕೆಳಕ್ಕೆ ಚಾಚಿದನು.

ಟ್ವೈಲಾ ಕೈ ಮೇಲೆ ಚಾಚಿ ಹಗ್ಗ ಹಿಡಿದಳು. ಆದರೆ ಅವಳ ಕಣ್ಣು ಹಗ್ಗದ ಮೇಲಿರಲಿಲ್ಲ.

"ಅಪ್ಪ. ಬೆನ್ನು."

"ಬೆನ್ನಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ."

ಎಂಜಿನ್ ಗುಡುಗುಟ್ಟುತ್ತಿತ್ತು, ಕೇಳಿಸಬೇಕಾದರೆ ಗಟ್ಟಿಯಾಗಿ ಹೇಳಬೇಕಾಗಿತ್ತು. ಗಟ್ಟಿಯಾಗಿಯೇ ಹೇಳಿದನು. ಹಿಂದೆ ಬರ್ಟನ್ ಉಸಿರಾಡುವುದು ಕೇಳಿಸುತ್ತಿತ್ತು.

"ಮತ್ತೆ?"

"ಬೆಳಿಗ್ಗೆ ಕೇಳಿದ್ಯಲ್ಲ. ಹೌದು. ಹಗ್ಗ ಕಾಲಿಗೆ ಸಿಕ್ತು. ಬೂಟು ಹೋಯ್ತು, ನಾನು ಉಳ್ಕೊಂಡೆ. ಅವತ್ತಿಂದ ದಿನಾ ಭಯ. ನೀನು ನಿಂತಿದ್ದ ಜಾಗದಲ್ಲೇ, ಕೊಟ್ಟಿಗೆ ಹಿಂದೆ. ಅದಕ್ಕೇ ಬಿಟ್ಟೆ."

ಮೂವತ್ತು ದಾಟಿದ ಹೆಂಗಸು, ರಬ್ಬರ್ ಅಂಗಿಯೊಳಗೆ, ಬೋನುಗಳ ಗೋಡೆಯ ಮುಂದೆ. ಅವಳ ಮುಖದಿಂದ ಕಲ್ಲು ಕಳಚಿತು. ಅಳುತ್ತಾಳೋ ಬೈಯುತ್ತಾಳೋ ಅವನಿಗೆ ತಿಳಿಯಲಿಲ್ಲ, ಬೈದರೆ ಬೈಯಲಿ ಎಂದು ಕಾದನು. ಅವಳು ಎರಡೂ ಮಾಡಲಿಲ್ಲ. ತಲೆ ತಗ್ಗಿಸಿ ತನ್ನ ಕಾಲುಗಳನ್ನು ನೋಡಿದಳು. ಎಡ ಬೂಟು ಒಂದು ಹಗ್ಗದ ಸುರುಳಿಯ ಒಳಗಿತ್ತು. ಅದನ್ನು ಎತ್ತಿ, ಹೊರಗೆ, ಬರಿಯ ಹಲಗೆಯ ಮೇಲೆ ಇಟ್ಟಳು.

"ಕಂಡ್ತು," ಎಂದಳು. ಆಮೇಲೆ, "ಬಿಡಪ್ಪ. ನೀನು ಇನ್ನೂ ಹಿಡ್ಕೊಂಡೇ ಇದೀಯ."

ಹೌದು, ಅವನು ಇನ್ನೂ ಹಿಡಿದುಕೊಂಡೇ ಇದ್ದನು. ಬೆರಳುಗಳನ್ನು ಬಿಡಿಸಿದನು. ಹಗ್ಗ ನೀರಿಗೆ ತಾಗಲಿಲ್ಲ. ದೋಣಿ ಹಿಂದೆ ಸರಿದು, ಸೂರ್ಯ ತಿರುಗುವ ಕಡೆಗೇ ತಿರುಗಿ, ತನ್ನ ಅಲೆಯನ್ನು ದಕ್ಕೆಯ ಕಂಬಗಳಿಗೆ ಬಡಿಸಿ ಹೊರಟಿತು.

ಕಲ್ಲಿನ ತಡೆಗೋಡೆಯನ್ನು ದೋಣಿ ದಾಟುವ ಮೊದಲು ಮನೆಯವರು ಬೆನ್ನು ತಿರುಗಿಸಬೇಕು. ಕಣ್ಣಿಗೆ ಮರೆಯಾಗುವವರೆಗೆ ನೋಡುವುದು ಕೆಟ್ಟದು. ಡೆಲ್ಬರ್ಟ್ ಎದ್ದು ಬೆನ್ನು ತಿರುಗಿಸಿದನು. ತಿರುಗಿದಾಗ ಎದುರಿಗಿದ್ದದ್ದು ಊರು. ಇಗರ್ಜಿಯ ಹೆಂಗಸೊಬ್ಬಳು ತನ್ನ ಕೈಗವಸನ್ನು ಸರಿಪಡಿಸಿಕೊಂಡಳು. ಪಾದ್ರಿ ಪುಸ್ತಕ ಮುಚ್ಚಿದನು. ಕುಂಟಲೇ ಎಂದು ಕಾಲು ಒಮ್ಮೆ ಕೇಳಿತು.

"ಎರಡು ಚಳಿಗಾಲ," ಎಂದನು ಬರ್ಟನ್.

"ಹೌದು."

"ಮೇಪಲ್ಲು. ಗಂಟು ಗಂಟು."

"ನೋಡ್ತಿದ್ದೆ."

"ನೀನು ಕಿಟಕೀಲಿ ಕೂತು ನೋಡ್ತಿದ್ದೆ. ದಿಂಬು ಇಟ್ಕೊಂಡು." ಬರ್ಟನ್ನನ ಮೂಗಿನ ಹನಿ ಬಿತ್ತು, ಒರೆಸಿಕೊಳ್ಳಲಿಲ್ಲ. ಅವನ ದವಡೆ ಆಡುತ್ತಿತ್ತು. ಆಮೇಲೆ ಕೇಳಿದನು: "ನಾನು ಕೈ ಆಡಿಸಿದ್ನಲ್ಲ, ಆ ದಿನಾನಾ?"

"ಆ ದಿನವೇ."

"ನೀನು ನಗ್ತಿದ್ದೆ."

"ಹೌದು. ನಗ್ತಿದ್ದೆ."

ಬರ್ಟನ್ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಅವನನ್ನು ದಾಟಿ ಹೊರಟನು. ಕ್ಷಮಿಸಿದವನ ನಡಿಗೆಯಾಗಿರಲಿಲ್ಲ ಅದು. ಹತ್ತು ಮಾರು ಹೋಗಿ, ತಿರುಗದೆಯೇ, "ನನ್ನ ಕೊಡ್ಲಿ ನಿನ್ನ ಕೊಟ್ಟಿಗೇಲಿದೆ. ತಂದ್ಕೊಡು," ಎಂದನು. ಮತ್ತೂ ಸ್ವಲ್ಪ ಮುಂದೆ ಹೋಗಿ, "ತಂದ್ಕೊಟ್ಟು ಹಾಗೇ ಹೋಗ್ಬೇಡ," ಎಂದನು.

ಯೂನಿಸ್ ಮನೆಯವರೆಗೂ ಅವನ ಪಕ್ಕದಲ್ಲಿ ನಡೆದಳು, ಈ ಸಲ ತನ್ನದೇ ವೇಗದಲ್ಲಿ. ಅವನು ಅದಕ್ಕೆ ಹೆಜ್ಜೆ ಕೂಡಿಸಬೇಕಾಯಿತು. ಊರುಗೋಲನ್ನು ಪಡಸಾಲೆಯ ಮೂಲೆಯಲ್ಲಿ, ಕ್ಲಿಪ್ಪುಗಳ ಬೂಟಿನ ಪಕ್ಕ, ಗೋಡೆಗೆ ಒರಗಿಸಿದಳು. "ಚಹಾ?" ಎಂದಳು. "ಆಮೇಲೆ," ಎಂದು ಅವನು ಕೊಟ್ಟಿಗೆಯಿಂದ ಬರ್ಟನ್ನನ ಕೊಡಲಿ ತೆಗೆದುಕೊಂಡು ಹೊರಟನು.

ಬರ್ಟನ್ನನ ಮನೆ ಇಳಿಜಾರಿನಲ್ಲಿದೆ, ಅವನ ಹಿತ್ತಲಿನಿಂದ ಕಡಲು ಪೂರ್ತಿ ಕಾಣುತ್ತದೆ. ಒಡೆಯದ ಮರ ಬೇಲಿಯುದ್ದಕ್ಕೂ ಬಿದ್ದಿತ್ತು. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ, ಆದರೆ ಕಿಟಕಿಯ ಹತ್ತಿರ ಒಂದು ಕುರ್ಚಿ ಎಳೆದ ಸದ್ದು ಕೇಳಿಸಿತು. ಬೆಳಕಾಗಿತ್ತು. ಈಗ ಟ್ವೈಲಾ ಮೊದಲ ಸಾಲಿನ ಬೋನುಗಳನ್ನು ತಳ್ಳುತ್ತಿರುತ್ತಾಳೆ. ಡೆಲ್ಬರ್ಟ್ ನೀರಿಗೆ ಬೆನ್ನು ಮಾಡಿ ನಿಂತು, ಕೋಟು ಕಳಚಿ ಬೇಲಿಗೆ ಹಾಕಿ, ಮೊದಲ ತುಂಡನ್ನು ದಿಮ್ಮಿಯ ಮೇಲೆ ನಿಲ್ಲಿಸಿದನು. ಕೊಡಲಿ ಎತ್ತುವ ಮುನ್ನ ತಲೆ ತಗ್ಗಿಸಿ, ತನ್ನ ಕಾಲುಗಳು ಎಲ್ಲಿವೆ ಎಂದು ನೋಡಿಕೊಂಡನು.